ಪೊರೆಯೂ ವಂಶಾವಳಿಯೂ

ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಗೆ ಇನ್ನೂರು ವರ್ಷ ದಾಟಿದೆ. ಅದರ ಆರಂಭ 1819ರಲ್ಲಿ. ಚೆನ್ನೈಯ ಕನ್ನಡಿಗರಾದ ನಮಗೆ 'ಮದ್ರಾಸ್ ಐ' ಎಂಬ ಕಣ್ಣುಬೇನೆಯ ಹೆಸರು ಪರಿಚಿತ. ಆದರೆ ಈ ಊರಿನ ನೇತ್ರಚಿಕಿತ್ಸೆಯ ಮುಖ್ಯ ಕಥೆ ಕಣ್ಣಿನ ಪೊರೆಯದು.

ಮಸುಕಾದ ಮಸೂರವನ್ನು ಶಲಾಕೆಯಿಂದ ಪಕ್ಕಕ್ಕೆ ಸರಿಸುವ ವಿಧಾನ ಸುಶ್ರುತಸಂಹಿತೆಯಲ್ಲಿದೆ. ಊರೂರು ಅಲೆಯುತ್ತಿದ್ದ ವೈದ್ಯರು ಇಪ್ಪತ್ತನೆಯ ಶತಮಾನದಲ್ಲೂ ಅದನ್ನೇ ಮಾಡುತ್ತಿದ್ದರು. ಅಂಥ ಕಣ್ಣುಗಳನ್ನು ಮದ್ರಾಸಿನಲ್ಲಿ ಪರೀಕ್ಷಿಸಿದ ರಾಬರ್ಟ್ ಹೆನ್ರಿ ಎಲಿಯಟ್, ಅದರ ಅಪಾಯಗಳನ್ನು 1917ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ವಿವರಿಸಿದರು. ಆದರೆ ಪೊರೆಯನ್ನು ಸರಿಸುವುದು ಬೇರೆ, ಅದು ಹಸುಗೂಸಿನಲ್ಲೇ ಏಕೆ ಕಾಣಿಸಿತೆಂದು ಕೇಳುವುದು ಬೇರೆ.

ಆ ಪ್ರಶ್ನೆಗೆ ಉತ್ತರ ದೊರೆತದ್ದು ವಂಶಾವಳಿಗಳಲ್ಲಿ. ಇಂಗ್ಲೆಂಡಿನ ಕಾಪಕ್ ಮನೆತನದಲ್ಲಿ ತಲೆಮಾರುಗಳುದ್ದಕ್ಕೂ ಬಂದ ಪೊರೆಯನ್ನು ನೆಟಲ್‌ಶಿಪ್ ಮತ್ತು ಓಗಿಲ್ವಿ 1906ರಲ್ಲಿ ದಾಖಲಿಸಿದರು. 1963ರಲ್ಲಿ ಅದು ಡಫಿ ಎಂಬ ರಕ್ತಗುಂಪಿನ ಜೊತೆಗೇ ಸಾಗಿಬರುವುದು ತಿಳಿಯಿತು. 1968ರಲ್ಲಿ ಡಫಿಯ ನೆಲೆ ಒಂದನೆಯ ವರ್ಣತಂತುವಿನಲ್ಲಿ ಗುರುತಾದಾಗ ಪೊರೆಯ ನೆಲೆಯೂ ಸಿಕ್ಕಿತು. ಮನೆಯವರು ಮರೆಮಾಚದೆ ಹೇಳಿದ ಮಾತೇ ಈ ವಿಜ್ಞಾನಕ್ಕೆ ಆಧಾರ.

ನಮ್ಮಲ್ಲಿಯೋ, ಸಂಬಂಧ ಕೂಡಿಬಾರದೆಂಬ ಅಂಜಿಕೆಯಿಂದ ಇಂಥ ಸಂಗತಿಯನ್ನು ಮುಚ್ಚಿಡುವವರೇ ಹೆಚ್ಚು. ಕಾಪಕ್ ಮನೆತನದ ಬಗೆಯ ಪೊರೆಯಾದರೆ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಇನ್ನೊಂದು ಬಗೆಯಲ್ಲಿ ದೋಷ ತಂದೆತಾಯಿ ಇಬ್ಬರಲ್ಲೂ ಸುಪ್ತವಾಗಿದ್ದು, ಪ್ರತಿ ಮಗುವಿಗೂ ನಾಲ್ಕರಲ್ಲೊಂದರ ಸಂಭವವಿರುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಯ ಮಗನನ್ನು ವರಿಸುವ ಪದ್ಧತಿಯಲ್ಲಿ ಈ ಎರಡನೆಯ ಬಗೆಗೆ ಅವಕಾಶ ಹೆಚ್ಚು. ಹಾಗೆಂದು ಹುಟ್ಟುಪೊರೆಯೆಲ್ಲ ವಂಶದಿಂದ ಬಂದುದಲ್ಲ. ಗರ್ಭಿಣಿಗೆ ತಗಲಿದ ರುಬೆಲ್ಲಾದಿಂದಲೂ ಅದು ಬರಬಹುದೆಂದು ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ 1941ರಲ್ಲಿ ತೋರಿಸಿದರು. ಹಾಲಿನ ಸಕ್ಕರೆಯ ಅಂಶವೊಂದನ್ನು ಅರಗಿಸಲಾರದ ಗ್ಯಾಲಕ್ಟೊಸೀಮಿಯಾದಲ್ಲಿ, ಬೇಗ ಪಥ್ಯ ಹಿಡಿದರೆ ಪೊರೆ ಕರಗುವುದೂ ಉಂಟು. ಕಾರಣ ತಿಳಿಯಬೇಕಾದದ್ದು ಇದಕ್ಕಾಗಿಯೇ.

ಇಲ್ಲಿ ಕಾಲವೇ ಮುಖ್ಯ. ನೋಡುವುದನ್ನು ಮೆದುಳು ಕಲಿಯುವುದು ಶೈಶವದಲ್ಲಿ. ಬೆಳಕೇ ಹೋಗದಿದ್ದರೆ ಆ ಕಲಿಕೆ ನಿಂತುಹೋಗುತ್ತದೆ. ದಟ್ಟವಾದ ಪೊರೆಯನ್ನು ಮೊದಲ ಆರೆಂಟು ವಾರಗಳಲ್ಲೇ ತೆಗೆಯಬೇಕೆನ್ನುತ್ತಾರೆ. ಆಮೇಲೆ ಕನ್ನಡಕ, ವರ್ಷಗಟ್ಟಲೆ ತಪಾಸಣೆ. ತಡವಾದರೆ ಶಸ್ತ್ರಕ್ರಿಯೆ ಗೆದ್ದರೂ ದೃಷ್ಟಿ ಪೂರ್ತಿ ಮರಳುವುದಿಲ್ಲ.

1978ರಲ್ಲಿ ಡಾ. ಬದರೀನಾಥ್ ಕಟ್ಟಿದ ಶಂಕರ ನೇತ್ರಾಲಯದಲ್ಲಿ ಇಂದು ವಂಶವಾಹಿ ಅಧ್ಯಯನಕ್ಕೂ ವಿಭಾಗವಿದೆ. ಆದರೆ ಯಾವ ಪ್ರಯೋಗಾಲಯವೂ ಮೊದಲು ಕೇಳುವುದು ಮನೆಯ ಹಿರಿಯರು ಬಲ್ಲ ಸಂಗತಿಯನ್ನೇ. ಮದುವೆಯ ಮಾತುಕತೆಯಲ್ಲಿ ಗೋತ್ರ, ನಕ್ಷತ್ರಗಳನ್ನು ತಪ್ಪದೆ ವಿಚಾರಿಸುವ ನಾವು, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಅಜ್ಜ-ಅಜ್ಜಿಯರ ಹೆಸರನ್ನೂ ಬರೆದಿಡುವುದು ಒಳಿತು. ಹುಟ್ಟಲಿರುವ ಕೂಸಿನ ಮೊದಲ ವಾರಗಳು ಅದರಿಂದ ಉಳಿಯುತ್ತವೆ.