ಅರಬರು ನಮ್ಮ ಕಡೆ ನೌಕರಿಗೆ ಬರ್ತಿದ್ದರು

(1/3)

ಕೆಂಪು ಸಮುದ್ರದ ಹಡಗುಗಳ ಮೇಲೆ ಹೌತಿಗಳ ದಾಳಿ ಬಗ್ಗೆ ಬರೆದಾಗ ಕಾಮೆಂಟ್‌ನಾಗ ಕೇಳಿದ್ರಿ, "ಯೆಮೆನ್ ಜಗಳಕ್ಕೂ ಇಜೇರಿಗೂ ಏನ್ ಸಂಬಂಧ?" ಅಂತ. ಸಂಬಂಧ ಅದ. ಒಂದೇ ಪೋಸ್ಟ್‌ನಾಗ ಮುಗಿಯಂಗಿಲ್ಲ, ಅದಕ್ಕ ಮೂರು ಮಾಡೀನಿ.

ಅರಬ್ ಅಂದ ಕೂಡಲೇ ನಿಮಗ ದುಬೈನ ಕಟ್ಟಡ, ಎಣ್ಣೆ ದುಡ್ಡು, ವೀಸಾ ಏಜೆಂಟ್ ನೆನಪಾಗ್ತದಲ್ಲ? ಅವರು ಸಾಹುಕಾರರು, ನಾವು ದುಡಿಯಲಿಕ್ಕೆ ಹೋಗೋರು. ನೂರೈವತ್ತು ವರ್ಷದ ಹಿಂದ ಈ ಲೆಕ್ಕ ಉಲ್ಟಾ ಇತ್ತು. ಹೊಟ್ಟೆಪಾಡಿಗೆ ಹಡಗು ಹತ್ತಿ ಅವರು ನಮ್ಮ ನಿಜಾಮ್ ರಾಜ್ಯಕ್ಕೆ ಬರ್ತಿದ್ರು.

ಎಲ್ಲಾ ಅರಬರೂ ಅಲ್ಲ. ಈಗಿನ ಯೆಮೆನ್ ದೇಶದ ಪೂರ್ವಕ್ಕ ಹದ್ರಮೌತ್ ಅನ್ನೋ ಒಣ ಸೀಮೆ ಅದ, ಅಲ್ಲಿಯವರು. ಮಳೆ ಕಡಿಮಿ, ಹೊಲ ಕಡಿಮಿ, ಕುಲ ಕುಲದ ನಡುವೆ ಜಗಳ ಜಾಸ್ತಿ. ವ್ಯಾಪಾರ ಗೊತ್ತಿದ್ದವರು ಜಾವಾ, ಸಿಂಗಾಪುರ, ಪೂರ್ವ ಆಫ್ರಿಕಾ ಕಡೆ ಹೋದರು. ಬಂದೂಕು ಹಿಡಿಯೋರು ಹೈದರಾಬಾದಿಗೆ ಬಂದು ನಿಜಾಮನ ಫೌಜಿಗೆ ಸೇರಿದರು. ಅವರಿಗೆ ಇಲ್ಲಿ ಚಾವುಶ್ ಅಂತ ಹೆಸರು ಬಿತ್ತು. ಹೈದರಾಬಾದಿನ ಬಾರ್ಕಸ್ ಬಡಾವಣೆ ಅವರದೇ, 'ಬ್ಯಾರಕ್ಸ್' ಅನ್ನೋದು ಬಾಯಿಂದ ಬಾಯಿಗೆ ಹೋಗಿ ಬಾರ್ಕಸ್ ಆಗ್ಯದ. ನೀವು ದೋಸ್ತರ ಜೊತೆ ಒಂದೇ ದೊಡ್ಡ ತಾಟಿನಾಗ ತಿನ್ನೋ 'ಮಂದಿ' ಊಟ ಕೂಡ ಹದ್ರಮೌತಿನದೇ. (ಮಂದಿ ಕೂಡಿ ತಿಂತಾರ ಅಂತ ಮಂದಿ ಅಂತಾರ ಅಂದ್ಕೊಂಡಿದ್ರೇನು?)

ನಮ್ಮ ಪಕ್ಕದ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತಾಗ ಅವರ ಕಡೆ ಬೇಡರ ಜೊತೆ ಅರಬ್, ರೋಹಿಲ್ಲಾ ಸಿಪಾಯಿಗಳೂ ಇದ್ದರು.

ಹಂಗಂತ ಎಲ್ಲಾ ಸಿಹಿ ನೆನಪಲ್ಲ. ಅರಬ್ ಜಮಾದಾರರು ಬಡ್ಡಿಗೆ ಸಾಲ ಕೊಡ್ತಿದ್ರು. ಜಹಗೀರದಾರರೇ ಅವರ ಕಡೆ ಸಾಲ ಮಾಡಿ ಊರಿನ ವಸೂಲಿ ಅವರ ಕೈಗೆ ಒಪ್ಪಿಸಿದ್ದುಂಟು. ಬಂದೂಕು ಹಿಡಿದವನೇ ಸಾಲಗಾರನ ಬಾಗಿಲಿಗೆ ಬಂದು ಕುಂತರ ರೈತನ ಗತಿ ಏನು, ನೀವೇ ಯೋಚ್ನೆ ಮಾಡ್ರಿ. 1853ರಲ್ಲಿ ದಿವಾನರಾದ ಸಾಲಾರ್ ಜಂಗ್ ಅವರಿಗೆ ಈ ಜಮಾದಾರರ ಕೈ ಕಟ್ಟೋದೇ ಒಂದು ದೊಡ್ಡ ಕೆಲಸ ಆಗಿತ್ತು.

(2/3)

ಇಲ್ಲಿ ದುಡಿದ ರೊಕ್ಕ ಎಲ್ಲಿಗೆ ಹೋಯ್ತು? ಊರಿಗೆ. ಉಮರ್ ಬಿನ್ ಅವದ್ ಅಲ್ ಕುಐತಿ ಅನ್ನೋ ಒಬ್ಬ ಜಮಾದಾರನ ಮನೆತನವಂತೂ ಹೈದರಾಬಾದಿನ ಗಳಿಕೆಯಿಂದ ಹದ್ರಮೌತಿನಲ್ಲಿ ರಾಜ್ಯವನ್ನೇ ಕಟ್ಟಿತು. 1867ರಲ್ಲಿ ಶಿಹ್ರ್, 1881ರಲ್ಲಿ ಮುಕಲ್ಲಾ ಬಂದರು ಅವರ ಕೈಗೆ ಬಂತು. ಸುಲ್ತಾನರಾದ ಮೇಲೂ ನಿಜಾಮನ ಫೌಜಿನ ಜಮಾದಾರಿ ಬಿಡಲಿಲ್ಲ. ಆ ರಾಜ್ಯ 1967ರ ತನಕ ಇತ್ತು. ಅಂದ್ರ ಅಲ್ಲಿಯ ಸುಲ್ತಾನನ ಖಜಾನೆಗೆ ನಮ್ಮ ದಖನ್ನಿನ ಕಂದಾಯದ ಪಾಲೂ ಸೇರಿತ್ತು. ಇಂಥಾದ್ದು ನಮ್ಮ ಸಿಲಬಸ್‌ನಾಗ ಯಾಕಿಲ್ಲೋ ಗೊತ್ತಿಲ್ಲ.

ಬಡವರ ಮನೆ ಕಥೆ ಬ್ಯಾರೆ. ಹೊರಗಿಂದ ಬರೋ ದುಡ್ಡಿನ ಮೇಲೇ ನಿಂತ ಊರು ಹೆಂಗಿರ್ತದ ಅಂತ 1943–44ರಲ್ಲಿ ಗೊತ್ತಾಯ್ತು. ಮಹಾಯುದ್ಧದಾಗ ಜಪಾನ್ ಜಾವಾ, ಸಿಂಗಾಪುರ ಹಿಡೀತು, ಅಲ್ಲಿಂದ ಬರೋ ಹಣ ನಿಂತಿತು, ಮೇಲಿಂದ ಮಳೆಯೂ ಹೋಯ್ತು. ಹದ್ರಮೌತಿನಲ್ಲಿ ಸಾವಿರಾರು ಮಂದಿ ಹಸಿವಿನಿಂದ ಸತ್ತರು.

ಉಳಿದಿದ್ದ ದೊಡ್ಡ ಆಸರೆ ಹೈದರಾಬಾದ್. ಅದೂ 1948ರ ಸೆಪ್ಟೆಂಬರಿನಲ್ಲಿ ಹೋಯ್ತು. ಸೆಪ್ಟೆಂಬರ್ 17 ನಮಗ ಶಾಲೆಯಾಗ ಧ್ವಜ ಹಾರಿಸೋ ದಿನ, ಹಾರಿಸಲೇಬೇಕು, ರಜಾಕಾರರ ಕಾಟ ಕಂಡ ಊರು ನಮ್ಮವು. ಆದರ ಅದೇ ದಿನದ ಇನ್ನೊಂದು ಬದಿಯೂ ಅದ. ಫೌಜು ಬರಖಾಸ್ತಾಯಿತು. ಸಾವಿರಾರು ಅರಬರನ್ನು ಕ್ಯಾಂಪಿನಲ್ಲಿ ಕೂಡಿಹಾಕಿ, ಬಹಳಷ್ಟು ಜನರನ್ನು ಏಡನ್‌ಗೆ ಕಳಿಸಿದರು. ಅವರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿದವರು, ತಾಯಿ ಇಲ್ಲಿಯವಳು, ಹದ್ರಮೌತ್ ಕಣ್ಣಿಂದ ಕಂಡವರಲ್ಲ. ನೀವು ಯಾವ ದೇಶದವರು ಅಂತ ಕೇಳಿದರ ಅವರು ಏನು ಹೇಳಬೇಕಿತ್ತು?

(3/3)

ಈಗ ಇವತ್ತಿನ ಯೆಮೆನ್‌ಗೆ ಬರೋಣ. ಇಲ್ಲಿ ನಮ್ಮ ಬಿಕಾಂ ಕೆಲಸಕ್ಕ ಬರ್ತದ.

ಮೊದಲು ನಿಮ್ಮ ಅಜ್ಜನ ಕಾಲ ನೆನಪಿಸ್ಕೊಳ್ಳ್ರಿ. ಜೇವರ್ಗಿ ಕಡೆ ನಿಜಾಮನ ಹಾಲಿ ಸಿಕ್ಕಾ ನಡೀತಿತ್ತು. ಪಕ್ಕದ ಸಿಂದಗಿ ಮುಂಬೈ ಪ್ರಾಂತದ್ದು, ಅಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ. ಎರಡೂ ರೂಪಾಯಿಯೇ, ಆದರ ಬೆಲೆ ಒಂದಲ್ಲ. ಸುಮಾರು ಏಳು ಹಾಲಿ ಕೊಟ್ಟರ ಆರು ಕಲ್ದಾರ್. ನಡುವೆ ಕರೋಡಗಿರಿ ನಾಕಾ, ಅಂದ್ರ ನಿಜಾಮನ ಸುಂಕದ ಕಟ್ಟೆ. ಸಂತಿಗೆ ಹೋದವನು ಸುಂಕ ಕೊಡಬೇಕು, ವಟ್ಟಾನೂ ಕೊಡಬೇಕು.

ಯೆಮೆನ್‌ನಾಗ ಈಗ ಇರೋದು ಇದೇ ಪರಿಸ್ಥಿತಿ, ಆದರ ಇದಕ್ಕಿಂತ ಎಷ್ಟೋ ಕ್ರೂರ. 2014ರ ಸೆಪ್ಟೆಂಬರಿನಲ್ಲಿ ಹೌತಿಗಳು ರಾಜಧಾನಿ ಸನಾ ಹಿಡಿದರು. 2015ರ ಮಾರ್ಚಿನಲ್ಲಿ ಸೌದಿ ಮುಂದಾಳತ್ವದ ಬಾಂಬ್ ದಾಳಿ ಶುರುವಾಯ್ತು. (ಆವಾಗಲೇ ನಮ್ಮ ಸರ್ಕಾರ 'ಆಪರೇಷನ್ ರಾಹತ್' ನಡೆಸಿ 4,600ಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತಂದಿದ್ದು.) 2016ರ ಸೆಪ್ಟೆಂಬರಿನಲ್ಲಿ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಒಯ್ದರು. ಬಾಂಬಿನ ಫೋಟೋ ವೈರಲ್ ಆಗ್ತದ, ಇದು ಆಗಂಗಿಲ್ಲ. ಆದರ ಮನೆ ಮುರಿದಿದ್ದರಾಗ ಇದರ ಪಾಲು ದೊಡ್ಡದು. ಉತ್ತರದ ಸರ್ಕಾರಿ ಶಾಲೆ ಮಾಸ್ತರರಿಗೆ, ಆಸ್ಪತ್ರೆ ನರ್ಸ್‌ಗಳಿಗೆ ವರ್ಷಗಟ್ಟಲೆ ಪೂರಾ ಪಗಾರ ಸಿಗಲಿಲ್ಲ. ಏಡನ್ ಬ್ಯಾಂಕು ಹೊಸ ನೋಟು ಅಚ್ಚು ಹಾಕಿತು, ಹೌತಿಗಳು ಆ ನೋಟು ನಮ್ಮ ಕಡೆ ನಡೆಯಂಗಿಲ್ಲ ಅಂದರು. ಈಗ ಒಂದೇ ದೇಶ, ಒಂದೇ ರಿಯಾಲ್, ಎರಡು ಬೆಲೆ. 2024ರ ಕೊನೆಗೆ ಒಂದು ಡಾಲರ್ ಸನಾದಲ್ಲಿ 530 ರಿಯಾಲ್ ಆಸುಪಾಸು, ಏಡನ್‌ನಲ್ಲಿ 2,000 ದಾಟಿತ್ತು. ಲೆಕ್ಕ ಹಾಕ್ರಿ. ಆವಾಗ ಏಡನ್‌ನಾಗ ದುಡಿಯೋ ಮಗ ಸನಾದ ತಾಯಿಗೆ 10,000 ರಿಯಾಲ್ ಕಳಿಸಿದ್ದರ, ಆಕಿ ಕೈಗೆ ಮೂರು ಸಾವಿರಾನೂ ಮುಟ್ಟುತ್ತಿರಲಿಲ್ಲ. ಹಿಟ್ಟು, ಎಣ್ಣೆ ಹೊರಗಿಂದ ಬರಬೇಕು. ಹಂಗಾಗಿ ಅಂಗಡಿಯಾಗ ಸಾಮಾನು ಇರ್ತದ, ಕೊಳ್ಳಲಿಕ್ಕೆ ರೊಕ್ಕ ಇರಂಗಿಲ್ಲ.

ಇದೇ ಏಡನ್ 1937ರ ತನಕ ಬ್ರಿಟಿಷ್ ಇಂಡಿಯಾದ ಭಾಗ ಆಗಿತ್ತು. 1951ರ ತನಕ ಅಲ್ಲಿ ನಡೀತಿದ್ದದ್ದು ನಮ್ಮ ರೂಪಾಯಿ. ಕುವೈತ್, ಬಹ್ರೇನ್, ದುಬೈ ಕೂಡ 1960ರ ದಶಕದ ತನಕ ರೂಪಾಯಿಯಲ್ಲೇ ವ್ಯವಹಾರ ಮಾಡ್ತಿದ್ದವು. ಕುವೈತ್, ಬಹ್ರೇನ್ ಮೊದಲೇ ಬಿಟ್ಟಿದ್ದವು, 1966ರ ಜೂನ್‌ನಲ್ಲಿ ನಾವು ರೂಪಾಯಿ ಬೆಲೆ ಇಳಿಸಿದ ಮೇಲೆ ದುಬೈ ಕೂಡ ಬಿಟ್ಟಿತು. ಅದು ದೊಡ್ಡ ಕಥೆ, ಅದಕ್ಕ ಬ್ಯಾರೆ ಪೋಸ್ಟ್ ಮಾಡ್ತೀನಿ.

ಅಲ್ಲೀತನ ಒಂದು ಕೆಲಸ. ನಿಮ್ಮ ಮನೆಯಾಗ ದೇವರ ಜಗಲಿ ಮ್ಯಾಲೋ, ಅಜ್ಜಿ ಗಂಟಿನಾಗೋ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ಇದ್ದರ ಫೋಟೋ ತೆಗೆದು ಡಿಎಂ ಮಾಡ್ರಿ. ಎರಡೂ ಬದಿ ತೆಗೀರಿ, ಇಸವಿ ಕಾಣಬೇಕು.

#ಕಲ್ಯಾಣಕರ್ನಾಟಕ #ಜೇವರ್ಗಿ #ಯೆಮೆನ್ #ಹಾಲಿಸಿಕ್ಕಾ