ಅತಿವೃಷ್ಟಿ ಮತ್ತು ಬೆಳೆ: ಕಡೂರು, ತರೀಕೆರೆ, ಅಜ್ಜಂಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಒಂದೇ ಮಳೆ ಬೇರೆಬೇರೆ ಪರಿಣಾಮ ಬೀರುತ್ತದೆ. ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿರುವ ಕಡೂರು ಬಯಲುಸೀಮೆ. ತರೀಕೆರೆಯ ಪಶ್ಚಿಮ ಭಾಗ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ಮಲೆನಾಡು. 24 ಗಂಟೆಯಲ್ಲಿ 204.4 ಮಿ.ಮೀ. ಮೀರಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ಆದರೆ ಬೆಳೆ ಕೆಡಲು ಅಷ್ಟು ಬೇಕಿಲ್ಲ. ನೀರು ಎಷ್ಟು ದಿನ ನಿಂತಿತೆಂಬುದೇ ಮುಖ್ಯ.

ನೀರು ನಿಂತ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲೇ ಆಮ್ಲಜನಕ ಬಹುಪಾಲು ಮುಗಿದು ಬೇರಿನ ಉಸಿರಾಟ ಕುಂದುತ್ತದೆ. ಸಾರಜನಕ ಕೊಚ್ಚಿಹೋಗುತ್ತದೆ, ಇಲ್ಲವೇ ಅನಿಲವಾಗಿ ಹಾರಿಹೋಗುತ್ತದೆ, ಎಲೆ ಹಳದಿಯಾಗುತ್ತದೆ. ನೀರು ಬೇಗ ಬಸಿಯದ ಅಜ್ಜಂಪುರದ ಎರೆಹೊಲಗಳಲ್ಲಿ ಈರುಳ್ಳಿ ಗಡ್ಡೆ ಕೊಳೆಯುವುದು ಇದರಿಂದಲೇ. ಗರಿ ತಿರುಚುವ ರೋಗವೂ ತೇವದಲ್ಲಿ ಹಬ್ಬುತ್ತದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಕಡೂರಿನ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯುತ್ತದೆ; ರೈತನಿಗೆ ಇದಕ್ಕಿಂತ ಕಠಿಣ ನಷ್ಟವಿಲ್ಲ, ಏಕೆಂದರೆ ವರ್ಷದ ಖರ್ಚೆಲ್ಲ ಆಗಲೇ ಮುಗಿದಿರುತ್ತದೆ. ತರೀಕೆರೆಯ ಅಡಿಕೆಗೆ ಕೊಳೆರೋಗದ ಭಯ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಅಧ್ಯಯನ ಪ್ರಕಟಿಸಿದ್ದರು. ಮುಂಗಾರು ಬಲಿಯುವ ಮೊದಲೇ ಗೊನೆಗಳಿಗೆ ಶೇ. 1ರ ಬೋರ್ಡೊ ದ್ರಾವಣ ಸಿಂಪಡಿಸುವುದು, ತೋಟದ ಬಸಿಗಾಲುವೆ ಬಿಡಿಸುವುದು ಇಂದಿಗೂ ಮುಖ್ಯ ರಕ್ಷಣೆ.