ವರಸೆಗೆ ಅಂಕ: ಕುಂಗ್‌ಫು ಸ್ಪರ್ಧೆಗಳ ಇತಿಹಾಸದಿಂದ ಒಂದು ಪಾಠ



ಕುಂಗ್‌ಫು ಎಂದೊಡನೆ ಸಿನಿಮಾದ ಹೊಡೆದಾಟ ನಿಮ್ಮ ಕಣ್ಣ ಮುಂದೆ ಬರುವುದು ಸಹಜ. ಆದರೆ ಈ ವಿದ್ಯೆಯ ಸ್ಪರ್ಧೆಗಳಲ್ಲಿ ಎದುರಾಳಿಯೇ ಇಲ್ಲದ ವಿಭಾಗವೊಂದಿದೆ. ಸ್ಪರ್ಧಿ ಒಬ್ಬನೇ ನಿಂತು, ಗುರುವಿನಿಂದ ಕಲಿತ ವರಸೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತಾನೆ; ತೀರ್ಪುಗಾರರು ಅಂಕ ಕೊಡುತ್ತಾರೆ. ಯಾರನ್ನೂ ಕೆಡವದೆ ಗೆಲ್ಲುವುದು ಹೇಗೆ? ಒಳ್ಳೆಯ ವರಸೆ ಯಾವುದು? ಈ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. ಅದರಲ್ಲಿ ಚೀನಾದ ಹುಯಿ ಮುಸ್ಲಿಮರ ಪಾತ್ರವೂ ದೊಡ್ಡದು.

ವರಸೆಯ ವಿಮರ್ಶೆ ಹೊಸದಲ್ಲ. 16ನೆಯ ಶತಮಾನದ ಮಿಂಗ್ ಸೇನಾಪತಿ ಚಿ ಜಿಗ್ವಾಂಗ್ ನೋಟಕ್ಕಷ್ಟೇ ಚೆಂದವಾದ, ಯುದ್ಧಕ್ಕೆ ಒದಗದ ಕೈಚಳಕವನ್ನು ತನ್ನ ಸೈನಿಕ ಗ್ರಂಥದಲ್ಲಿ ಖಂಡಿಸಿದ್ದಾನೆ. ಆದರೂ ಮುಷ್ಟಿವಿದ್ಯೆಯ ಅಭ್ಯಾಸ ಕೈಕಾಲುಗಳನ್ನು ಪಳಗಿಸುತ್ತದೆಂದು ಒಪ್ಪಿದ್ದಾನೆ. 'ಹೂವಿನ ಮುಷ್ಟಿ, ಕಸೂತಿಯ ಕಾಲು' ಎಂದು ಹಂಗಿಸುವ ಮಾತು ಚೀನಾದಲ್ಲಿ ಇಂದಿಗೂ ಉಂಟು.

1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಗ್ವೋಶು ಸಂಸ್ಥೆ ಸ್ಥಾಪನೆಯಾಯಿತು. ಅದರ ಶಾವೊಲಿನ್ ವಿಭಾಗದ ಮುಖ್ಯಸ್ಥರಾದವರು ಹುಯಿ ಸಮುದಾಯದ ವಾಂಗ್ ಜಿಪಿಂಗ್ (1881–1973). ಅದೇ ವರ್ಷ ನಡೆದ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೊದಲು ವರಸೆಯ ಪ್ರದರ್ಶನ, ಅದರಲ್ಲಿ ತೇರ್ಗಡೆಯಾದವರಿಗೆ ಕಾಳಗ. ಅಂದರೆ ವರಸೆ ಹೊಸ್ತಿಲಾಗಿತ್ತು, ಕಾಳಗ ಮನೆಯಾಗಿತ್ತು.

ಮುಂದೆ ಈ ಕ್ರಮ ಬದಲಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಪ್ರದರ್ಶನಕ್ಕೆ ಹೋದ ತಂಡದಲ್ಲಿ ಹುಯಿ ಯುವಕ ಜಾಂಗ್ ವೆನ್‌ಗ್ವಾಂಗ್ ಇದ್ದರು. ಮುಂದೆ ಅವರು ಬೀಜಿಂಗ್‌ನ ಕ್ರೀಡಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1950ರ ದಶಕದ ಕೊನೆಯಲ್ಲಿ ಚೀನಾ ಸರಕಾರ ಸ್ಪರ್ಧಾ ನಿಯಮಗಳನ್ನು ರೂಪಿಸಿತು. ಹುಯಿ ಮುಸ್ಲಿಮರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ 'ಚಾ ಚ್ವಾನ್' ಸೇರಿದಂತೆ ಉತ್ತರ ಚೀನಾದ ಹಲವು ಶೈಲಿಗಳಿಂದ ಆಯ್ದು 'ಚಾಂಗ್‌ಚ್ವಾನ್' ಎಂಬ ಸ್ಪರ್ಧಾ ವರಸೆ ಸಿದ್ಧವಾಯಿತು. ಕಾಳಗ ಹಿಂದೆ ಸರಿಯಿತು, ವರಸೆಯೇ ಗುರಿಯಾಯಿತು.

ಅಂಕ ಕೊಡುವುದು ಹೇಗೆಂದು ಕೇಳುತ್ತೀರಾ? 2005ರ ಅಂತರರಾಷ್ಟ್ರೀಯ ನಿಯಮಗಳಂತೆ ಒಟ್ಟು 10 ಅಂಕ: ಚಲನೆಯ ಗುಣಮಟ್ಟಕ್ಕೆ 5, ಒಟ್ಟು ಪ್ರದರ್ಶನಕ್ಕೆ 3, ಕಷ್ಟದ ಚಲನೆಗಳಿಗೆ 2. ಚಾಂಗ್‌ಚ್ವಾನ್ ಕನಿಷ್ಠ 1 ನಿಮಿಷ 20 ಸೆಕೆಂಡು ನಡೆಯಬೇಕು. ಹಾರಿ ಇಳಿದಾಗ ಪಾದ ಕದಲಿದರೂ ಅಂಕ ಕಳೆಯುತ್ತಾರೆ. ಇದರಿಂದ ತೀರ್ಪಿನಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆಯಾಯಿತು, ನಿಜ. ಆದರೆ ಕಲಿಯುವವರ ಗಮನ ಅಂಕ ಸಿಗುವ ಕಡೆಗೇ ಹರಿಯಿತು. ಗಾಳಿಯಲ್ಲಿ 720 ಡಿಗ್ರಿ ತಿರುಗಿ ಇಳಿಯುವುದನ್ನು ಎಣಿಸಬಹುದು. ಈ ಕೈ ಯಾವ ಏಟನ್ನು ತಡೆಯಲು ಏಳುತ್ತದೆ ಎಂಬ ಅರಿವನ್ನು ಎಣಿಸುವುದು ಹೇಗೆ? ಸಾಂಪ್ರದಾಯಿಕ ಗುರುಗಳ ಆಕ್ಷೇಪ ಇದೇ.

ನಾವು ಶಿಕ್ಷಕರು ಇದನ್ನು ಬಲ್ಲೆವು. ಕಂಠಪಾಠ ಸ್ಪರ್ಧೆಯಲ್ಲಿ ಒಂದಕ್ಷರ ತಪ್ಪದೆ ಪದ್ಯ ಒಪ್ಪಿಸಿದ ಮಗುವನ್ನು ಅರ್ಥ ಕೇಳಿ ನೋಡಿ. ಎಷ್ಟೋ ಸಲ ಅದು ಸುಮ್ಮನೆ ನಿಲ್ಲುತ್ತದೆ. ತಪ್ಪು ಮಗುವಿನದಲ್ಲ. ನಾವು ಅಂಕ ಕೊಟ್ಟದ್ದು ನೆನಪಿಗೆ, ಅರ್ಥಕ್ಕಲ್ಲ.

ಹುಯಿ ಉಸ್ತಾದರ ಹಳೆಯ ಕ್ರಮ ಇಲ್ಲಿ ನೆನಪಾಗುತ್ತದೆ. ಚಾ ಚ್ವಾನ್ ಕಲಿಯುವವನು ಮೊದಲು 'ತಾನ್‌ತುಯಿ' ಎಂಬ ಹತ್ತು ಸಾಲುಗಳ ಕಾಲ್ವರಸೆಯನ್ನು ಸಾಧಿಸುತ್ತಾನೆ. ಒಂದು ಸಾಲಿನಲ್ಲಿ ಕೆಲವೇ ಚಲನೆಗಳು. ಅವನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡುತ್ತ ಸಾಗಬೇಕು. ನೋಡುವವರಿಗೆ ಬೇಸರ, ಕಲಿಯುವವನಿಗೆ ಅದೇ ಬುನಾದಿ.

ಹಾಗೆಂದು ಸ್ಪರ್ಧೆಯೇ ಬೇಡವೆನ್ನಲಾಗದು. ವೇದಿಕೆಯಿಲ್ಲದ ಕಲೆ ಗುರುವಿನೊಂದಿಗೇ ಮಣ್ಣಾಗಬಹುದು. ಆ ಭಯದಿಂದಲೇ 1983ರಿಂದ 1986ರವರೆಗೆ ಚೀನಾದಲ್ಲಿ ಸಮೀಕ್ಷೆ ನಡೆಸಿ 129 ಶೈಲಿಗಳನ್ನು ಗುರುತಿಸಲಾಯಿತು. 2004ರಲ್ಲಿ ಜೆಂಗ್‌ಜೋವಿನಲ್ಲಿ ಸಾಂಪ್ರದಾಯಿಕ ವರಸೆಗಳಿಗೆಂದೇ ವಿಶ್ವ ಮಟ್ಟದ ಉತ್ಸವವೂ ನಡೆಯಿತು.

ಓದುಗರೇ, ಮುಂದಿನ ಬಾರಿ ನೀವು ಯಾವುದೇ ಸ್ಪರ್ಧೆಯ ತೀರ್ಪುಗಾರರಾಗಿ ಕುಳಿತಾಗ, ಕುಂಗ್‌ಫು ಇರಲಿ, ಭಾಷಣವಿರಲಿ, ಎಷ್ಟು ತಪ್ಪಾಯಿತೆಂದು ಖಂಡಿತ ಎಣಿಸಿ. ಆಮೇಲೆ ಮಗುವನ್ನು ಹತ್ತಿರ ಕರೆದು, "ಇದನ್ನು ಹೀಗೇಕೆ ಮಾಡಿದೆ?" ಎಂದು ಒಂದು ಮಾತು ಕೇಳಿ. ಉತ್ತರ ಬಂದರೆ ವಿದ್ಯೆ ಉಳಿದಿದೆ ಎಂದು ತಿಳಿಯಿರಿ.